ಸ್ಟೀಲ್ ಗಿಟಾರಿಗೆ ಎಷ್ಟು ಇಂಚಿನ ಸ್ಪೀಕರ್ ಬೇಕು?

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು.

ತಮ್ಮ ಪತ್ರಿಕೆಯ ಓದುಗರ ಪ್ರಶ್ನೋತ್ತರ ಅಂಕಣದಲ್ಲಿ ಕಳೆದ ವಾರ ಗೋಕಾಕದ ಓದುಗರೊಬ್ಬರು, ಹೊರದೇಶದಲ್ಲಿರುವ ಅಳಿಯ ತಂದುಕೊಟ್ಟ ಪೆಡಲ್ ಸ್ಟೀಲ್ ಗಿಟಾರಿಗೆ ಆಂಪ್ಲಿಫೈಯರ್ ಮಾಡಿಸಬೇಕಾಗಿದೆ, ಅದಕ್ಕೆ ಎಷ್ಟು ಇಂಚಿನ ಸ್ಪೀಕರ್ ಹಾಕಿಸಬೇಕು ಎಂದು ಕೇಳಿದ್ದರು. ‘15 ಇಂಚಿನದು ಹಾಕಿಸಿ, ದೊಡ್ಡದಾದಷ್ಟೂ ಒಳ್ಳೆಯದು’ ಎಂಬ ಒಂದೇ ಸಾಲಿನ ಉತ್ತರ ಅಚ್ಚಾಗಿತ್ತು. ಈ ಉತ್ತರದ ಮೊದಲರ್ಧಕ್ಕೆ ಆಧಾರವಿದೆ, ಉಳಿದರ್ಧಕ್ಕೆ ಇಲ್ಲ. ಇದನ್ನು ನಂಬಿ ಅವರು ಪೇಟೆಯಲ್ಲಿ ಕಣ್ಣಿಗೆ ಬಿದ್ದ ಯಾವುದೋ 15 ಇಂಚಿನ ಸ್ಪೀಕರ್ ತಂದು ಕೂಡಿಸಿಕೊಂಡರೆ ಹಣವೂ ಹೋಗಿ, ಅಷ್ಟು ದೂರದಿಂದ ಬಂದ ವಾದ್ಯಕ್ಕೂ ‘ಇದರ ದನಿಯೇ ಹೀಗೆ’ ಎಂಬ ಕೆಟ್ಟ ಹೆಸರು ಬಂದೀತು. ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಬಹಳ ವರ್ಷಗಳಿಂದ ಆಂಪ್ಲಿಫೈಯರ್ ಮತ್ತು ಸ್ಪೀಕರ್ ದುರಸ್ತಿ ಮಾಡಿಕೊಂಡು ಬಂದವನು. ಆರ್ಕೆಸ್ಟ್ರಾದವರ, ಚರ್ಚುಗಳ, ಭಜನಾ ಮಂಡಳಿಗಳ, ನಾಟಕ ಕಂಪನಿಗಳ ಸಾಮಾನು ನನ್ನ ಕೈಯಲ್ಲಿ ಹಾದುಹೋಗುತ್ತಿರುತ್ತದೆ. ಹವಾಯನ್ ಗಿಟಾರ್ ನುಡಿಸುವವರೂ ಆಗಾಗ ಬರುತ್ತಾರೆ. ಆ ಅನುಭವದ ಮೇಲೆ ಈ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಪತ್ರ ಉದ್ದವಾದರೂ ತಾವು ಪ್ರಕಟಿಸಬೇಕೆಂದು ಕೋರುತ್ತೇನೆ.

ವಾದ್ಯದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಗಿಟಾರನ್ನು ಅಡ್ಡ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ಬಾರ್ ಜಾರಿಸಿ ನುಡಿಸುವ ಕ್ರಮ ಹವಾಯಿ ದ್ವೀಪಗಳಿಂದ ಬಂದದ್ದು. ನಮ್ಮಲ್ಲಿ ವ್ಯಾನ್ ಶಿಪ್ಲಿ, ಸುನೀಲ್ ಗಂಗೂಲಿ ಅವರು ನುಡಿಸಿದ ಚಿತ್ರಗೀತೆಗಳ ರೆಕಾರ್ಡುಗಳಿಂದ ಅದು ಮನೆಮನೆಗೆ ತಲುಪಿತು. ಬ್ರಿಜಭೂಷಣ ಕಾಬ್ರಾ ಅವರು ಅದರಲ್ಲಿ ರಾಗಸಂಗೀತ ನುಡಿಸಿ ತೋರಿಸಿದರು. ವಿಶ್ವಮೋಹನ ಭಟ್ಟರು ಅದನ್ನೇ ಮೋಹನವೀಣೆಯಾಗಿ ರೂಪಿಸಿ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ಅಮೆರಿಕದಲ್ಲಿ ಅದೇ ವಾದ್ಯ ಬೇರೆ ದಾರಿ ಹಿಡಿಯಿತು. 1930ರ ದಶಕದ ಆರಂಭದಲ್ಲಿ ರಿಕನ್‌ಬ್ಯಾಕರ್ ಕಂಪನಿ ಪೇಟೆಗೆ ತಂದ ವಿದ್ಯುತ್ ಗಿಟಾರ್ ತೊಡೆಯ ಮೇಲಿಟ್ಟು ನುಡಿಸುವ ಸ್ಟೀಲ್ ಗಿಟಾರೇ ಆಗಿತ್ತು. ಅಂದರೆ ಇಂದು ಹುಡುಗರು ಕೊರಳಿಗೆ ಹಾಕಿಕೊಂಡು ಕುಣಿಯುವ ಎಲೆಕ್ಟ್ರಿಕ್ ಗಿಟಾರಿಗಿಂತ ಇದು ಹಿರಿಯದು. ಮುಂದೆ ಅದಕ್ಕೆ ಕಾಲುಗಳು ಬಂದವು, ಪೆಡಲುಗಳು ಬಂದವು, ಮೊಣಕಾಲಿನಿಂದ ಸರಿಸುವ ಲಿವರುಗಳು ಬಂದವು. ಬಾರ್ ಇದ್ದಲ್ಲಿಯೇ ಇದ್ದರೂ ಬೇಕಾದ ತಂತಿಯೊಂದರ ಸ್ವರವನ್ನಷ್ಟೇ ಏರಿಸುವ, ಇಳಿಸುವ ಸೌಕರ್ಯ ಸಿಕ್ಕಿತು. ಒಂದು ಸ್ವರ ನಿಂತಿರುವಾಗಲೇ ಅದರ ಪಕ್ಕದ ಸ್ವರ ಮೀಂಡಿನಲ್ಲಿ ಸರಿದು ಬಂದು ಅದರೊಡನೆ ಕೂಡುವ ಆ ದನಿಯೇ ಪೆಡಲ್ ಸ್ಟೀಲಿನ ಗುರುತು.

ಈಗ ಸ್ಪೀಕರಿನ ಮಾತು. ಮೊದಲು ಕೇಳಬೇಕಾದ ಪ್ರಶ್ನೆ ಇಂಚಿನದಲ್ಲ, ಕಟ್ಟಕಡೆಯ ತಂತಿಯದು. ಈ ವಾದ್ಯಕ್ಕೆ ಸಾಮಾನ್ಯವಾಗಿ ಒಂದು ನೆಕ್ಕಿಗೆ, ಅಂದರೆ ತಂತಿಗಳನ್ನು ಬಿಗಿದ ಉದ್ದನೆಯ ಹಲಗೆಗೆ, 10 ತಂತಿಗಳು. ಒಂದೇ ನೆಕ್ಕಿನ ವಾದ್ಯವಾದರೆ ಬಹುಮಟ್ಟಿಗೆ ಇ9 ಎಂಬ ಶ್ರುತಿಯಲ್ಲಿರುತ್ತದೆ. ಎರಡು ನೆಕ್ಕಿನದಾದರೆ ಎರಡನೆಯದು ಸಿ6 ಶ್ರುತಿಯದು. ಇ9ರಲ್ಲಿ ಹತ್ತನೆಯ ತಂತಿ ಸುಮಾರು 123 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 123 ಕಂಪನಗಳಲ್ಲಿ ನುಡಿಯುತ್ತದೆ, ಸಿ6ರಲ್ಲಿ ಸುಮಾರು 65 ಹರ್ಟ್ಜ್‌ನಲ್ಲಿ. ಸಿ6ರ ರೂಢಿಯ ಜೋಡಣೆಯಲ್ಲಿ ಒಂದು ಪೆಡಲ್ ಈ ತಂತಿಯನ್ನು ಇನ್ನೂ ಕೆಳಗೆ, 55 ಹರ್ಟ್ಜ್‌ವರೆಗೆ ಇಳಿಸುತ್ತದೆ. ಹಾರ್ಮೋನಿಯಂ ಬಲ್ಲವರಿಗೆ ಹೇಳುವುದಾದರೆ, ಬಿಳಿ ಒಂದನ್ನು ಷಡ್ಜವಾಗಿಟ್ಟುಕೊಂಡ ಗಂಡುಧ್ವನಿಯ ಮಂದ್ರ ಷಡ್ಜವೇ ಆ 65 ಹರ್ಟ್ಜ್. ಖರ್ಜ (ಮಂದ್ರ ಸ್ವರಗಳ) ಸಾಧನೆ ಮಾಡಿದ ಕೆಲವೇ ಕಂಠಗಳು ಅಲ್ಲಿ ನಿಲ್ಲುತ್ತವೆ. ನಮ್ಮ ಆರು ತಂತಿಯ ಹವಾಯನ್ ಗಿಟಾರ್ ಇವೆರಡರ ನಡುವೆ, ಸುಮಾರು 82 ಹರ್ಟ್ಜ್‌ನ ಆಸುಪಾಸಿನಲ್ಲಿ ಮುಗಿಯುತ್ತದೆ. ಹೀಗಿರುವಾಗ ಮೂರಕ್ಕೂ ಒಂದೇ ಅಳತೆಯ ಸ್ಪೀಕರ್ ಹೇಳುವುದು ಹೇಗೆ? ಗೋಕಾಕದ ಓದುಗರ ವಾದ್ಯಕ್ಕೆ ಒಂದು ನೆಕ್ಕಿದೆಯೋ ಎರಡಿದೆಯೋ ಎಂದು ಕೇಳದೆ ಉತ್ತರ ಕೊಟ್ಟದ್ದೇ ಅವಸರವಾಯಿತು.

ಸ್ಪೀಕರಿನ ಅಳತೆ ಏಕೆ ಬೇಕಾಗುತ್ತದೆ ಎಂಬುದಕ್ಕೆ ಕಾರಣ ಸರಳವಾದದ್ದು. ಕೆಳಗಿನ ಸ್ವರ ಕಿವಿಗೆ ತುಂಬಿ ಬರಬೇಕಾದರೆ ಹೆಚ್ಚು ಗಾಳಿಯನ್ನು ತಳ್ಳಬೇಕು. ದೊಡ್ಡ ಮೊರದಿಂದ ಒಮ್ಮೆ ಬೀಸಿದಷ್ಟು ಗಾಳಿಗೆ ಸಣ್ಣ ಮೊರದಿಂದ ನಾಲ್ಕು ಸಲ ಬೀಸಬೇಕಾದಂತೆ, ಸಣ್ಣ ಕೋನ್ (ಸ್ಪೀಕರಿನಲ್ಲಿ ಅಲುಗಾಡುವ ಕಾಗದದ ಭಾಗ) ಅದೇ ಕೆಲಸಕ್ಕೆ ಹೆಚ್ಚು ದೂರ ಹಿಂದೆಮುಂದೆ ಓಡಾಡಬೇಕಾಗುತ್ತದೆ. 15 ಇಂಚಿನ ಸ್ಪೀಕರಿನಲ್ಲಿ ನಿಜವಾಗಿ ದುಡಿಯುವ ಕೋನಿನ ಮೇಲ್ಮೈ ಸುಮಾರು 850 ಚದರ ಸೆಂಟಿಮೀಟರ್; 12 ಇಂಚಿನದರಲ್ಲಿ ಸುಮಾರು 530; 10 ಇಂಚಿನದರಲ್ಲಿ 350ರ ಹತ್ತಿರ; 8 ಇಂಚಿನದರಲ್ಲಿ ಇನ್ನೂರಕ್ಕೆ ಸ್ವಲ್ಪ ಮೇಲೆ. ಇದರ ಮೇಲೆ ಇನ್ನೊಂದು ನಿಯಮವಿದೆ: ಸ್ವರ ಒಂದು ಸಪ್ತಕ ಕೆಳಗಿಳಿದಾಗಲೆಲ್ಲ ಅಷ್ಟೇ ಸದ್ದಿಗೆ ಕೋನ್ 4 ಪಟ್ಟು ದೂರ ಚಲಿಸಬೇಕು. 123 ಹರ್ಟ್ಜ್‌ನಲ್ಲಿ ಹಾಯಾಗಿರುವ 12 ಇಂಚಿನ ಸ್ಪೀಕರ್ 65ಕ್ಕೆ ಬಂದಾಗ ಏದುಸಿರು ಬಿಡುವುದು ಇದೇ ಕಾರಣಕ್ಕೆ. ಆಗ ವಾಯ್ಸ್ ಕಾಯಿಲ್, ಅಂದರೆ ಕೋನಿಗೆ ಅಂಟಿದ ತಂತಿಯ ಸುರುಳಿ, ಮ್ಯಾಗ್ನೆಟ್ಟಿನ ಸಂದಿಯಿಂದ ಹೊರಬಿದ್ದು ಸ್ವರ ಒಡೆಯುತ್ತದೆ; ಇನ್ನೂ ಒತ್ತಿದರೆ ಹಿಂದಿನ ತಗಡಿಗೆ ಬಡಿದು ಟಕ್ ಟಕ್ ಎನ್ನುತ್ತದೆ. ಹಾಗೆ ಬಡಿದ ಕಾಯಿಲ್‌ಗಳು ನನ್ನ ಮೇಜಿನ ಮೇಲೆ ಬಂದಾಗ ಅವುಗಳ ಅಂಚು ಅಣಬೆಯಂತೆ ಅರಳಿಕೊಂಡಿರುತ್ತದೆ. ಬೆರಳಿನಿಂದ ಕೋನನ್ನು ಸುತ್ತಲೂ ಸಮವಾಗಿ ಮೆಲ್ಲನೆ ಒತ್ತಿದರೆ ಒಳಗೆ ಮರಳು ಸಿಕ್ಕಂತೆ ಕರಕರ ಸದ್ದು ಬರುತ್ತದೆ. ಅದಕ್ಕೆ ರೀಕೋನ್ (ಕೋನ್ ಮತ್ತು ಕಾಯಿಲ್ ಹೊಸದಾಗಿ ಕೂಡಿಸುವುದು) ಬಿಟ್ಟರೆ ಬೇರೆ ಉಪಾಯವಿಲ್ಲ.

ಆದರೆ ಇಲ್ಲಿ ನಮ್ಮ ಕಿವಿಯ ಉಪಕಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು. 65 ಹರ್ಟ್ಜ್‌ನ ತಂತಿ ಮೀಟಿದಾಗ ಅದರೊಂದಿಗೆ 130, 195, 260 ಹೀಗೆ ಮೇಲಿನ ಕಂಪನಗಳೂ ಏಳುತ್ತವೆ. ಮೂಲ ಕಂಪನವೇ ಸ್ಪೀಕರಿನಿಂದ ಬರದಿದ್ದರೂ ಮೇಲಿನವುಗಳ ಅಂತರವನ್ನು ಹಿಡಿದು ಕಿವಿ ಕೆಳಗಿನ ಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಅಂಗೈಯಗಲದ ರೇಡಿಯೋದಲ್ಲಿಯೂ ತಂಬೂರಿಯ ಖರ್ಜ ಯಾವ ಸ್ವರವೆಂದು ನಮಗೆ ತಿಳಿಯುವುದು ಹೀಗೆ. ಸ್ವರ ತಿಳಿಯುತ್ತದೆ, ಅದರ ಮೈ ಸಿಗುವುದಿಲ್ಲ. ಮನೆಯಲ್ಲಿ ಅಭ್ಯಾಸ ಮಾಡುವವರಿಗೆ 10 ಇಂಚಿನ ಸ್ಪೀಕರ್ ಧಾರಾಳವಾಗಿ ಸಾಕು ಎಂದು ನಾನು ಹೇಳುವುದಕ್ಕೆ ಇದೇ ಧೈರ್ಯ.

ಇನ್ನು ಈ ವಾದ್ಯಕ್ಕೇ ವಿಶೇಷವಾದ ಒಂದು ಸಂಗತಿಯನ್ನು ಹೇಳಲೇಬೇಕು. ಪೆಡಲ್ ಸ್ಟೀಲ್ ನುಡಿಸುವವರ ಬಲಗಾಲು ಸದಾ ವಾಲ್ಯೂಮ್ ಪೆಡಲಿನ ಮೇಲಿರುತ್ತದೆ. ತಂತಿ ಮೀಟುವಾಗ ಪೆಡಲನ್ನು ಅರ್ಧಕ್ಕಿಂತ ಕೆಳಗಿಟ್ಟು, ತಂತಿಯ ದನಿ ತಾನಾಗಿ ಕುಂದುತ್ತ ಹೋದಂತೆ ಪೆಡಲನ್ನು ಮೆಲ್ಲಮೆಲ್ಲನೆ ಒತ್ತುತ್ತ ಹೋಗುತ್ತಾರೆ. ಕೇಳುವವರಿಗೆ ಸ್ವರ ಕುಂದದೆ ಸಾರಂಗಿಯ ಬಿಲ್ಲಿನಿಂದ ಬಂದಂತೆ ಎಳೆಯಾಗಿ ನಿಲ್ಲುತ್ತದೆ. ಇದು ಸಾಧ್ಯವಾಗಬೇಕಾದರೆ ಆಂಪ್ಲಿಫೈಯರಿನಲ್ಲಿ ಬಳಸದೆ ಉಳಿಸಿಕೊಂಡ ಶಕ್ತಿ ಬೇಕು, ಮತ್ತು ಸ್ಪೀಕರ್ ಆ ಶಕ್ತಿಯನ್ನು ಒಡೆಯದೆ ತಾಳಬೇಕು. ರಾಕ್ ಗಿಟಾರಿನವರಿಗೆ ಸ್ಪೀಕರ್ ಸ್ವಲ್ಪ ಒಡೆದರೆ ರುಚಿ. ಸ್ಟೀಲಿನವರಿಗೆ ಅದು ವರ್ಜ್ಯ. ಎರಡು ಮೂರು ತಂತಿಗಳು ಒಟ್ಟಿಗೆ ಜಾರುವಾಗ ಸ್ಪೀಕರ್ ಒಡೆದರೆ ಇಲ್ಲದ ಸ್ವರಗಳು ನಡುವೆ ಹುಟ್ಟಿಕೊಂಡು ಅಪಶ್ರುತಿಯಂತೆ ಕೇಳುತ್ತವೆ. ಇವರು 80 ವ್ಯಾಟ್, 200 ವ್ಯಾಟ್ ಎಂದು ದೊಡ್ಡ ಆಂಪ್ಲಿಫೈಯರ್ ಕೇಳುವುದು ಗದ್ದಲಕ್ಕಾಗಿ ಅಲ್ಲ ಎಂಬುದನ್ನು ಸೌಂಡ್ ಸಿಸ್ಟಮಿನವರು ಅರ್ಥ ಮಾಡಿಕೊಳ್ಳಬೇಕು.

ವ್ಯಾಟಿನ ಮಾತು ಬಂದದ್ದರಿಂದ, ಇಂಚಿಗಿಂತ ಮುಖ್ಯವಾದ ಇನ್ನೊಂದು ಅಂಕಿಯನ್ನು ಹೇಳುತ್ತೇನೆ. ಸ್ಪೀಕರಿಗೆ 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದಾಗ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದೇ ಅದರ ಸೆನ್ಸಿಟಿವಿಟಿ. ಗಿಟಾರಿಗೆಂದು ತಯಾರಾದ ಒಳ್ಳೆಯ ಸ್ಪೀಕರುಗಳಲ್ಲಿ ಇದು 100ರ ಆಸುಪಾಸು ಇರುತ್ತದೆ. ಕಾರಿನ ಡಿಕ್ಕಿಯಲ್ಲಿ ಕೂಡಿಸುವ ವೂಫರುಗಳಲ್ಲಿ 90 ಇದ್ದರೆ ಹೆಚ್ಚು. 10 ಡೆಸಿಬೆಲ್ ವ್ಯತ್ಯಾಸವೆಂದರೆ ಶಕ್ತಿಯಲ್ಲಿ 10 ಪಟ್ಟು. ಮೊದಲನೆಯದು 50 ವ್ಯಾಟಿನಲ್ಲಿ ಕೊಡುವ ಸದ್ದನ್ನು ಎರಡನೆಯದರಿಂದ ತೆಗೆಯಲು 500 ವ್ಯಾಟ್ ಬೇಕಾಗುತ್ತದೆ. ಡಬ್ಬದ ಮೇಲೆ ಸಾವಿರಗಟ್ಟಲೆ ಅಂಕಿ ಹಾಕಿ ಪಕ್ಕದಲ್ಲಿ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ಬರೆದಿರುವುದನ್ನು ಅಂಗಡಿಯವರು ಬೆರಳಿಟ್ಟು ತೋರಿಸುತ್ತಾರೆ. ಅದನ್ನು ಓದದೆ ಬಿಡುವುದೇ ಕ್ಷೇಮ. ಕೇಳಬೇಕಾದದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಸತತವಾಗಿ ತಾಳುವ ಶಕ್ತಿ, ಮತ್ತು ಸೆನ್ಸಿಟಿವಿಟಿ. ಇವೆರಡನ್ನೂ ಹೇಳಲಾರದ ಅಂಗಡಿಯಲ್ಲಿ ಸ್ಪೀಕರ್ ಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ.

15 ಇಂಚಿನ ಪ್ರತಿಷ್ಠೆ ಎಲ್ಲಿಂದ ಬಂತೆಂಬುದನ್ನು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಜೆಬಿಎಲ್ ಕಂಪನಿಯವರು ಡಿ130 ಎಂಬ 15 ಇಂಚಿನ ಸ್ಪೀಕರ್ ತಂದರು. ಅದಕ್ಕೆ 4 ಇಂಚು ಅಗಲದ ವಾಯ್ಸ್ ಕಾಯಿಲ್, ಹಗುರವಾದ ಕಾಗದದ ಕೋನ್, ನಡುವೆ ಕಾಗದದ ಬದಲು ಅಲ್ಯುಮಿನಿಯಂ ಟೋಪಿ. ಅಗಲವಾದ ಕೋನ್ ಕೆಳಗಿನ ಸ್ವರಗಳನ್ನು ಹೊತ್ತರೆ ಆ ಟೋಪಿ ಮೇಲಿನ ಸ್ವರಗಳಿಗೆ ಹೊಳಪು ಕೊಟ್ಟಿತು. ಸ್ಟೀಲ್ ಗಿಟಾರಿನವರು ಅದನ್ನು ಮೆಚ್ಚಿ ಹಿಡಿದುಕೊಂಡರು. 1970ರ ದಶಕದಲ್ಲಿ ಪೀವಿ ಕಂಪನಿಯು ಸ್ಟೀಲ್ ವಾದಕರಿಗೆಂದೇ ಸೆಷನ್ 400 ಎಂಬ 15 ಇಂಚಿನ ಸ್ಪೀಕರಿನ ಆಂಪ್ಲಿಫೈಯರ್ ಮಾಡಿತು, ಅದರ ನಂತರ ನ್ಯಾಶ್‌ವಿಲ್ 400 ಬಂತು. ಈ ಪರಂಪರೆಯಿಂದಾಗಿ ‘ಸ್ಟೀಲಿಗೆ 15’ ಎಂಬ ಮಾತು ಗಾದೆಯಂತೆ ಉಳಿದುಬಿಟ್ಟಿದೆ. ಆದರೆ ಅದೇ ಕಾಲದಲ್ಲಿ ಎಷ್ಟೋ ವಾದಕರು ಎರಡು 12 ಇಂಚಿನ ಸ್ಪೀಕರುಗಳಿರುವ ಫೆಂಡರ್ ಟ್ವಿನ್ ರಿವರ್ಬ್‌ನಲ್ಲಿ ನುಡಿಸಿದರು. 85 ವ್ಯಾಟಿನ ಆ ಆಂಪ್ಲಿಫೈಯರಿನ ಎರಡು ಕೋನುಗಳ ಮೇಲ್ಮೈ ಕೂಡಿಸಿದರೆ ಒಂದು 15ಕ್ಕಿಂತ ಹೆಚ್ಚೇ ಆಗುತ್ತದೆ. ಮುಂದೆ ಪೀವಿಯವರೇ ಒಂದೇ 12 ಇಂಚಿನ ಸ್ಪೀಕರ್ ಹಾಕಿ 80 ವ್ಯಾಟಿನ ನ್ಯಾಶ್‌ವಿಲ್ 112 ಮಾಡಿದರು, ಅದೂ ಸ್ಟೀಲಿಗೆಂದೇ. ತಯಾರಕರೇ ಎರಡೂ ಅಳತೆ ಒಪ್ಪಿಕೊಂಡಿರುವಾಗ ‘ದೊಡ್ಡದಾದಷ್ಟೂ ಒಳ್ಳೆಯದು’ ಎನ್ನುವುದಕ್ಕೆ ಎಲ್ಲಿಯ ಆಧಾರ?

ಈಗ ನಮ್ಮ ಪೇಟೆಗೆ ಬರೋಣ, ಏಕೆಂದರೆ ತೊಂದರೆ ಇರುವುದು ಇಲ್ಲಿಯೇ. ಬೆಳಗಾವಿಯಲ್ಲಾಗಲಿ ಬಾಗಲಕೋಟೆಯಲ್ಲಾಗಲಿ 15 ಇಂಚಿನ ಸ್ಪೀಕರ್ ಕೊಡಿ ಎಂದರೆ ಸಿಗುವುದು ಬಹುಮಟ್ಟಿಗೆ ಡಿಜೆ ಪೆಟ್ಟಿಗೆಗೆ ಹಾಕುವ ಬೇಸ್ ಸ್ಪೀಕರ್. ಅದರ ಕೋನ್ ದಪ್ಪ ಮತ್ತು ಭಾರ, ಅಂಚು ಗಟ್ಟಿ; ಕೆಳಗಿನ ಸ್ವರ ಮಾತ್ರ ತನ್ನದು, ಮೇಲಿನದನ್ನು ಹಾರ್ನ್ ನೋಡಿಕೊಳ್ಳುತ್ತದೆ ಎಂಬ ಭರವಸೆಯಲ್ಲಿ ಮಾಡಿದ್ದು. ಅದನ್ನು ಒಂಟಿಯಾಗಿ ಗಿಟಾರ್ ಆಂಪ್ಲಿಫೈಯರಿಗೆ ಜೋಡಿಸಿದರೆ ಸ್ಟೀಲಿನ ಮೇಲಿನ ತಂತಿಗಳ ಮಿಂಚೆಲ್ಲ ನುಂಗಿಹೋಗಿ, ಕಂಬಳಿ ಹೊದಿಸಿದಂಥ ದನಿ ಬರುತ್ತದೆ. ನಮ್ಮ ಕಡೆಯ ಒಬ್ಬ ಹಿರಿಯ ಹವಾಯನ್ ಗಿಟಾರ್ ವಾದಕರು ಹೀಗೆಯೇ ಮಾಡಿಸಿಕೊಂಡು, ದನಿ ಮೇಲೇಳುತ್ತಿಲ್ಲವೆಂದು ಟ್ರೆಬಲ್ ಪೂರ್ತಿ ತಿರುಗಿಸಿ, ಅದೂ ಸಾಲದೆ ಒಂದು ಪೀಜೋ ಟ್ವೀಟರನ್ನು (ಮೇಲಿನ ಸ್ವರಗಳ ಪುಟ್ಟ ಸ್ಪೀಕರ್) ಬೇರೆ ಸೇರಿಸಿಕೊಂಡು ನನ್ನಲ್ಲಿಗೆ ಬಂದಿದ್ದರು. ಟ್ವೀಟರಿನಿಂದ ಬರುತ್ತಿದ್ದದ್ದು ಸಂಗೀತಕ್ಕಿಂತ ಹೆಚ್ಚಾಗಿ ಸುತ್ತುತಂತಿಯ ಮೇಲೆ ಉಕ್ಕಿನ ಬಾರ್ ಉಜ್ಜುವ ಸರಸರ ಸದ್ದು. ಗಿಟಾರಿನ ಸ್ಪೀಕರ್ 5,000 ಹರ್ಟ್ಜ್‌ನ ಮೇಲೆ ತಾನಾಗಿಯೇ ತಗ್ಗುವುದರಿಂದ ಈ ಉಜ್ಜುವ ಸದ್ದು ಅಲ್ಲಿಯೇ ಸೋಸಿಹೋಗುತ್ತದೆ. ಟ್ವೀಟರ್ ಅದನ್ನು ಎತ್ತಿ ಹಿಡಿಯುತ್ತದೆ. ಅವರ ಪೆಟ್ಟಿಗೆಯಲ್ಲಿ ಗಿಟಾರಿನ ಹಳೆಯ 12 ಇಂಚಿನ ಸ್ಪೀಕರೊಂದನ್ನು, ಹಲಗೆಯಲ್ಲಿ ತಕ್ಕ ರಂಧ್ರ ಕೊರೆದು ಕೂಡಿಸಿದೆ. ಮೊದಲ ಮೀಂಡಿಗೇ ಅವರು ತಲೆಯೆತ್ತಿ ನನ್ನನ್ನು ನೋಡಿ, ‘ಇಷ್ಟು ದಿನ ಈ ತಂತಿ ಎಲ್ಲಿ ಹೋಗಿತ್ತು?’ ಎಂದರು. ಆದ್ದರಿಂದ 15 ಇಂಚಿನ ಸ್ಪೀಕರ್ ಎಂಬುದು ಒಂದು ಜಾತಿಯಲ್ಲ. ಸ್ಟೀಲಿಗೆಂದು ಮಾಡಿದ 15, ಬೇಸ್ ಗಿಟಾರಿನ 15 ಮತ್ತು ಡಿಜೆಯ 15 ಹೊರಗಿನ ಅಳತೆಯಲ್ಲಿ ಒಂದೇ, ಸ್ವಭಾವದಲ್ಲಿ ಮೂರು.

ಎರಡು 12 ಹಾಕಿಸುವವರಿಗೆ ಒಂದು ಎಚ್ಚರಿಕೆ. ಪರಿಚಿತರೊಬ್ಬರು ‘ಎರಡು ಸ್ಪೀಕರ್ ಇದ್ದರೂ ಕೆಳಗಿನ ಸ್ವರವೇ ಇಲ್ಲ, ತೆಗೆದು ಒಂದು 15 ಹಾಕಿಕೊಡಿ’ ಎಂದು ಪೆಟ್ಟಿಗೆ ತಂದಿಟ್ಟರು. ನಾನು ಟಾರ್ಚಿನ 1.5 ವೋಲ್ಟ್ ಸೆಲ್ಲನ್ನು ಒಂದೊಂದು ಸ್ಪೀಕರಿನ ತಂತಿಗೆ ಮುಟ್ಟಿಸಿ ನೋಡಿದೆ: ಒಂದರ ಕೋನ್ ಹೊರಗೆ ಬಂತು, ಇನ್ನೊಂದರದು ಒಳಗೆ ಹೋಯಿತು. ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತಿತ್ತು. ಒಂದು ಸ್ಪೀಕರಿನ ವೈರ್ ಅದಲುಬದಲು ಮಾಡಿದ ಮೇಲೆ ಅವರಿಗೆ 15ರ ನೆನಪೇ ಬರಲಿಲ್ಲ. ಓಮಿನ, ಅಂದರೆ ಸ್ಪೀಕರಿನ ವಿದ್ಯುತ್ ತಡೆಯ ಲೆಕ್ಕವನ್ನೂ ಮರೆಯಬಾರದು. 8 ಓಮಿನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್ ಆಗುತ್ತದೆ. 4 ಓಮಿನ ಎರಡನ್ನು ಹಾಗೆ ಜೋಡಿಸಿದರೆ 2 ಓಮಿಗೆ ಇಳಿದು, ಅದನ್ನು ತಾಳಲಾರದ ಆಂಪ್ಲಿಫೈಯರಿನ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಸುಡುತ್ತವೆ.

ಪೆಟ್ಟಿಗೆಯ ಬಗ್ಗೆ ಜನ ಯೋಚಿಸುವುದೇ ಇಲ್ಲ, ಆದರೆ ಇಂಚಿಗಿಂತ ಹೆಚ್ಚು ಬದಲಾವಣೆ ತರುವುದು ಅದೇ. ಸ್ಪೀಕರಿನ ಹಿಂಭಾಗದಿಂದಲೂ ಮುಂಭಾಗದಷ್ಟೇ ಸದ್ದು ಹೊರಡುತ್ತದೆ, ಉಲ್ಟಾ ದಿಕ್ಕಿನಲ್ಲಿ. ಹಿಂದೆ ತೆರೆದಿರುವ ಪೆಟ್ಟಿಗೆಯಲ್ಲಿ ಅದು ಸುತ್ತಿಕೊಂಡು ಮುಂದೆ ಬಂದು ಕೆಳಗಿನ ಸ್ವರಗಳನ್ನು ಅಳಿಸುತ್ತದೆ. ಮೇಲಿನ ಸ್ವರಗಳಿಗೆ ಮಾತ್ರ ಅದರಿಂದ ಒಂದು ಬಯಲುತನ ಬರುತ್ತದೆ, ಇ9 ನುಡಿಸುವವರಿಗೆ ಅದು ಹಿತ. ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಕೆಳಗಿನ ಸ್ವರ ಉಳಿಯುತ್ತದೆ, ಆದರೆ ಒಳಗಿನ ಗಾಳಿ ಸಾಲದಷ್ಟು ಪೆಟ್ಟಿಗೆ ಸಣ್ಣದಾದರೆ ಅದೇ ಗಾಳಿ ಸ್ಪ್ರಿಂಗಿನಂತೆ ಕೋನನ್ನು ಬಿಗಿಹಿಡಿದು, ನಡುವಿನ ಯಾವುದೋ ಒಂದೇ ಸ್ವರ ಗುಂಯ್ ಎಂದು ಎದ್ದು ಕಾಣುತ್ತದೆ. 12 ಇಂಚಿಗೆಂದು ಮಾಡಿದ ಪೆಟ್ಟಿಗೆಯ ರಂಧ್ರವನ್ನು ಗರಗಸದಿಂದ ದೊಡ್ಡದು ಮಾಡಿ 15 ಕೂಡಿಸಿದವರಿಗೆ ಆಗುವುದು ಇದೇ. ದಪ್ಪ ಪ್ಲೈವುಡ್ಡಿನಲ್ಲಿ, ಮೂಲೆಗಳಿಗೆ ಒಳಗಿನಿಂದ ಪಟ್ಟಿ ಕೊಟ್ಟು ಅಂಟು ಹಾಕಿದ, ಅಳತೆಗೆ ತಕ್ಕ ಪೆಟ್ಟಿಗೆಯಲ್ಲಿರುವ 12 ಇಂಚಿನ ಸ್ಪೀಕರ್ ತೆಳು ಹಲಗೆಯ ಪೆಟ್ಟಿಗೆಯ 15ನ್ನು ಸುಲಭವಾಗಿ ಮೀರಿಸುತ್ತದೆ. ನಮ್ಮ ಬೆಳಗಾವಿಯ ಮಳೆಗಾಲದ ತೇವಕ್ಕೆ ಪಾರ್ಟಿಕಲ್ ಬೋರ್ಡ್ ಉಬ್ಬಿಕೊಳ್ಳುತ್ತದೆ, ಅದನ್ನು ಬಳಸಲೇಬಾರದು.

ಸ್ಪೀಕರ್ ದೊಡ್ಡದಾದಂತೆ ಅದರ ಸದ್ದಿನ ಹರವು ಕಿರಿದಾಗುತ್ತದೆ ಎಂಬುದನ್ನು ಆ ಒಂದು ಸಾಲಿನ ಉತ್ತರ ಪೂರ್ತಿ ಮರೆತಿತ್ತು. ಸದ್ದಿನ ಅಲೆಯ ಉದ್ದ ಕೋನಿನ ಅಗಲಕ್ಕೆ ಸಮೀಪಿಸಿದಾಗ ದನಿ ಟಾರ್ಚಿನ ಬೆಳಕಿನ ಹಾಗೆ ನೇರಕ್ಕೆ ಹೋಗತೊಡಗುತ್ತದೆ. 15 ಇಂಚಿನದರಲ್ಲಿ ಇದು ಸುಮಾರು 1,000 ಹರ್ಟ್ಜ್‌ನಲ್ಲಿ, 12 ಇಂಚಿನದರಲ್ಲಿ 1,300ರ ಹತ್ತಿರ ಸ್ಪಷ್ಟವಾಗುತ್ತದೆ. ಸ್ಟೀಲಿನ ಹೊಳಪೆಲ್ಲ ಇರುವುದು ಇದರ ಮೇಲೆಯೇ. ಪರಿಣಾಮವೇನೆಂದರೆ, ಸ್ಪೀಕರಿನ ನೇರಕ್ಕೆ ಕುಳಿತವನ ಕಿವಿಗೆ ಸೂಜಿ ಚುಚ್ಚಿದಂತಾಗುತ್ತದೆ, ಪಕ್ಕದ ಸಾಲಿನವನಿಗೆ ಮಂಕಾಗಿ ಕೇಳುತ್ತದೆ. ಸ್ಟೀಲ್ ವಾದಕರು ಕುಳಿತು ನುಡಿಸುವವರು. ಆಂಪ್ಲಿಫೈಯರ್ ಅವರ ಬೆನ್ನ ಹಿಂದೆ ನೆಲದ ಮೇಲಿರುತ್ತದೆ. ಸದ್ದು ಅವರ ಸೊಂಟಕ್ಕೆ ಬಡಿದು ಹೋಗುವುದರಿಂದ, ದನಿ ಮಂಕಾಗಿದೆಯೆಂದು ಅವರು ಟ್ರೆಬಲ್ ಏರಿಸುತ್ತಾರೆ. ಅದರ ಫಲವನ್ನು ಎದುರಿನ ಸಾಲಿನವರು ಉಣ್ಣುತ್ತಾರೆ. ಆಂಪ್ಲಿಫೈಯರಿನ ಮುಂಬದಿಗೆ ಒಂದು ಇಟ್ಟಿಗೆ ಕೊಟ್ಟು ಹಿಂದಕ್ಕೆ ವಾಲಿಸಿದರೆ, ಇಲ್ಲವೇ ಕುರ್ಚಿಯ ಮೇಲಿಟ್ಟರೆ ಈ ಜಗಳ ಮುಗಿಯುತ್ತದೆ. ಕುರ್ಚಿಯ ಮೇಲೆ ಇಟ್ಟಾಗ ನೆಲದ ಆಸರೆ ತಪ್ಪಿ ಕೆಳಗಿನ ಸ್ವರ ತುಸು ಕಡಿಮೆಯಾಗುತ್ತದೆ. ನಮ್ಮ ಕಲ್ಯಾಣ ಮಂಟಪಗಳಲ್ಲಿ ಅದು ಕಡಿಮೆಯಾಗುವುದೇ ಒಳ್ಳೆಯದು.

ಏಕೆಂದರೆ ಗ್ರಾನೈಟ್ ನೆಲ, ಬೋಳು ಗೋಡೆ, ಕಾಂಕ್ರೀಟ್ ಚಾವಣಿಯ ಈ ಮಂಟಪಗಳು ಕೆಳಗಿನ ಸ್ವರವನ್ನು ಹೀರುವುದೇ ಇಲ್ಲ. ಜನ ತುಂಬಿದ ಮೇಲೆ ಅವರ ಮೈ ಮತ್ತು ಬಟ್ಟೆ ಮೇಲಿನ ಸ್ವರಗಳನ್ನು ಹೀರಿಕೊಂಡು, ಕೆಳಗಿನ ಗದ್ದಲ ಮಾತ್ರ ಹಾಗೆಯೇ ಉಳಿಯುತ್ತದೆ. ಇಲ್ಲಿ 15 ಇಂಚಿನ ಸ್ಪೀಕರ್ ತಂದು, ಗೋಡೆಯ ಮೂಲೆಗೆ ಆನಿಸಿ ಇಡುವವರನ್ನು ಕಂಡಾಗ ಕೈ ಮುಗಿಯಬೇಕೆನಿಸುತ್ತದೆ. ಇದಕ್ಕೆ ವಿರುದ್ಧವಾದದ್ದು ಬಯಲಿನ ಕಾರ್ಯಕ್ರಮ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಹಾಕುವ ತಗಡು ಮತ್ತು ತಟ್ಟಿಯ ರಂಗಮಂದಿರಗಳಲ್ಲಿ, ಊರ ಹೊರಗಿನ ಗಣೇಶೋತ್ಸವದ ಮಂಟಪಗಳಲ್ಲಿ ಕೆಳಗಿನ ಸ್ವರಕ್ಕೆ ಗೋಡೆಯ ಬೆಂಬಲವಿಲ್ಲ. ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಅಲ್ಲಿ 15 ಇಂಚು ತನ್ನ ಕೂಲಿಗೆ ತಕ್ಕ ಕೆಲಸ ಮಾಡುತ್ತದೆ.

ಆದರೆ ಅಂಥ ಕಡೆಗಳಲ್ಲಿ ಸೌಂಡ್ ಸಿಸ್ಟಮಿನವರು ಆಂಪ್ಲಿಫೈಯರಿನ ಮುಂದೆ ಹೇಗೂ ಒಂದು ಮೈಕ್ ಇಡುತ್ತಾರೆ. ಮೈಕ್ ಇಟ್ಟ ಮೇಲೆ ಪ್ರೇಕ್ಷಕರು ಕೇಳುವುದು ಅವರ ದೊಡ್ಡ ಪೆಟ್ಟಿಗೆಗಳ ದನಿಯನ್ನು; ಗಿಟಾರಿನವರ ಸ್ಪೀಕರ್ ಎಷ್ಟು ಇಂಚಿನದೆಂಬುದು ನುಡಿಸುವವರ ಕಿವಿಗೂ ಮೈಕಿಗೂ ಬಿಟ್ಟ ವಿಷಯ. ಮೈಕನ್ನು ಕೋನಿನ ನಟ್ಟನಡುವೆ ಇಟ್ಟರೆ ದನಿ ಚುರುಕಾಗುತ್ತದೆ, ಅಂಚಿನ ಕಡೆ ಸರಿಸಿದಂತೆ ಮೆತ್ತಗಾಗುತ್ತದೆ. ನಾಲ್ಕು ಬೆರಳು ಸರಿಸಿದರೆ ಆಗುವ ವ್ಯತ್ಯಾಸ ಸ್ಪೀಕರ್ ಬದಲಿಸಿದಷ್ಟೇ ಇರುತ್ತದೆ. ಹಾಗೆಯೇ 800 ಹರ್ಟ್ಜ್‌ನ ಸುತ್ತಮುತ್ತ ಸ್ಟೀಲ್ ಗಿಟಾರ್ ಮೂಗಿನಿಂದ ಹಾಡಿದಂತೆ ಕೇಳುವುದುಂಟು. ಅದನ್ನು ತಗ್ಗಿಸಲೆಂದೇ ನ್ಯಾಶ್‌ವಿಲ್ 400ರಂಥ ಆಂಪ್ಲಿಫೈಯರುಗಳಲ್ಲಿ ನಡುವಿನ ಸ್ವರಗಳ ಸ್ಥಾನವನ್ನು ಆರಿಸುವ ಗುಬ್ಬಿ (ತಿರುಗಿಸುವ ನಾಬ್) ಇದೆ. ನಮ್ಮಲ್ಲಿ ಮಿಕ್ಸರಿನ ಮಿಡ್ ಗುಬ್ಬಿಯಿಂದ ಆ ಕೆಲಸ ಆಗುತ್ತದೆ. ಅದಕ್ಕಾಗಿ ಸ್ಪೀಕರ್ ಬದಲಿಸುವುದು ದಂಡದ ಖರ್ಚು.

ಹೊರದೇಶದಿಂದಲೇ ಆಂಪ್ಲಿಫೈಯರ್ ತರಿಸುವ ವಿಚಾರವಿದ್ದರೆ, ಅಮೆರಿಕದ್ದು 120 ವೋಲ್ಟಿನದು ಎಂಬುದು ನೆನಪಿರಲಿ. ನಮ್ಮ 230 ವೋಲ್ಟಿಗೆ ನೇರವಾಗಿ ಚುಚ್ಚಿದ ಒಂದು ಆಂಪ್ಲಿಫೈಯರ್ ನನ್ನ ಅಂಗಡಿಯಲ್ಲಿ ಇನ್ನೂ ಸುಟ್ಟ ವಾಸನೆಯೊಡನೆ ಕುಳಿತಿದೆ. ಅದರ ವ್ಯಾಟಿಗಿಂತ ಹೆಚ್ಚು ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ತೂಕವನ್ನೂ ವಿಚಾರಿಸಿಕೊಳ್ಳಬೇಕು: ಹಳೆಯ 15 ಇಂಚಿನ ಆಂಪ್ಲಿಫೈಯರನ್ನು ಒಬ್ಬರೇ ಬಸ್ಸಿಗೆ ಹೇರುವುದು ಆಗದ ಮಾತು, ಪೆಡಲ್ ಸ್ಟೀಲಿನ ಪೆಟ್ಟಿಗೆಯೇ ಸಾಕಷ್ಟು ಭಾರವಿರುತ್ತದೆ. ಈಗ ನಿಯೋಡಿಮಿಯಂ ಮ್ಯಾಗ್ನೆಟ್ಟಿನ ಹಗುರ ಸ್ಪೀಕರುಗಳು ಬಂದಿವೆ, ಬೆಲೆ ಹೆಚ್ಚು. ಗೋಕಾಕದಿಂದ ಬೆಳಗಾವಿಗೆ ಓಡಾಡಿ ನುಡಿಸುವವರಿಗೆ ಆ ಹೆಚ್ಚಿನ ಬೆಲೆ ದುಬಾರಿ ಅನ್ನಿಸಲಿಕ್ಕಿಲ್ಲ.

ಇಷ್ಟು ಹೇಳಿದ ಮೇಲೆ ಗೋಕಾಕದ ಓದುಗರಿಗೆ ನನ್ನ ನೇರ ಉತ್ತರ ಹೀಗಿದೆ. ವಾದ್ಯ ಒಂದೇ ನೆಕ್ಕಿನ ಇ9 ಆಗಿದ್ದು, ನುಡಿಸುವುದು ಮನೆ, ಚರ್ಚು, ಸಣ್ಣ ಸಭಾಭವನಗಳಲ್ಲಿ ಆಗಿದ್ದರೆ ಗಿಟಾರಿಗೆಂದು ಮಾಡಿದ, 100 ವ್ಯಾಟ್ ಆರ್‌ಎಂಎಸ್ ತಾಳುವ, 98 ಡೆಸಿಬೆಲ್ಲಿಗೆ ಕಡಿಮೆಯಿಲ್ಲದ 12 ಇಂಚಿನ ಒಂದು ಸ್ಪೀಕರನ್ನು ಒಳ್ಳೆಯ ಪ್ಲೈವುಡ್ ಪೆಟ್ಟಿಗೆಯಲ್ಲಿ ಹಾಕಿಸಬೇಕು. ಹಿಂದಿನ ಹಲಗೆಯನ್ನು ಸ್ಕ್ರೂ ಹಾಕಿ ತೆಗೆಯುವಂತೆ ಎರಡು ತುಂಡು ಮಾಡಿಸಿದರೆ ಅರ್ಧ ತೆರೆದೂ ಪೂರ್ತಿ ಮುಚ್ಚಿಯೂ ಕೇಳಿ ನೋಡಬಹುದು. ಎರಡು ನೆಕ್ಕಿನದಾಗಿದ್ದು ಸಿ6 ನಿಜವಾಗಿ ನುಡಿಸುವುದಿದ್ದರೆ ಸ್ಟೀಲಿಗೆಂದೇ ತಯಾರಾದ 15 ಇಂಚಿನದನ್ನು ಅಳಿಯನ ಮೂಲಕ ತರಿಸುವುದೇ ಸರಿ. ಎಮಿನೆನ್ಸ್ ಕಂಪನಿಯವರು ಪೆಡಲ್ ಸ್ಟೀಲಿಗೆಂದು ಮಾಡಿದ ಇಪಿಎಸ್ ಸರಣಿಯಲ್ಲಿ 12 ಮತ್ತು 15 ಎರಡೂ ಅಳತೆಗಳಿವೆ. ಅದು ಬರುವವರೆಗೆ ಇಲ್ಲಿಯ ಡಿಜೆ ಸ್ಪೀಕರಿಗೆ ಹಣ ಹಾಕದೆ, ಯಾರದಾದರೂ 12 ಇಂಚಿನ ಗಿಟಾರ್ ಆಂಪ್ಲಿಫೈಯರನ್ನು ಎರವಲು ಪಡೆದು ನುಡಿಸುತ್ತಿರಲಿ. ಬೆಳಗಾವಿಗೆ ಬಂದಾಗ ವಾದ್ಯವನ್ನೂ ವಾಲ್ಯೂಮ್ ಪೆಡಲನ್ನೂ ಜೊತೆಗೆ ತಂದರೆ ನನ್ನಲ್ಲಿರುವ 12 ಮತ್ತು 15 ಎರಡಕ್ಕೂ ಜೋಡಿಸಿ ಕೇಳಿಸಲು ನಾನು ಸಿದ್ಧನಿದ್ದೇನೆ. ನನ್ನ ವಿಳಾಸವನ್ನು ಪತ್ರಿಕೆಯ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಆಂಪ್ಲಿಫೈಯರ್ ದುರಸ್ತಿಗಾರ,
ಟಿಳಕವಾಡಿ, ಬೆಳಗಾವಿ